ಅತ್ತೆ ಕಾವು ಕೂತ ದೀಪಾವಳಿ

ಅಕ್ಕಿ ಗಡಿಗೆಗೆ ಕೈ ಹಾಕಿದಾಗ ಬೆರಳಿಗೆ ತಣ್ಣಗೆ ತಾಗಿದವು ಮೊಟ್ಟೆಗಳು. ಅಕ್ಕಿಯೊಳಗೆ ಅರ್ಧ ಹುದುಗಿಕೊಂಡು ಹನ್ನೊಂದು ಮೊಟ್ಟೆ ಮಲಗಿದ್ದವು. ಹಿತ್ತಲಲ್ಲಿ ಅತ್ತೆ ನಮ್ಮ ಮನೆಯ ಕೊನೆಯ ಕೋಳಿಯನ್ನು ಹುಗಿದು, ಮಣ್ಣಿನ ಮೇಲೆ ಸುಣ್ಣ ಚೆಲ್ಲಿ, ಎದ್ದು ಬರದೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ತೆಗೆಯಲು ಹೋದ ನಾನು ಪಾವನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತುಬಿಟ್ಟೆ.

ತೊಂಬತ್ತರ ದಶಕದ ಕೊನೆಯ ಮಾತಿದು. ಸಿದ್ದಾಪುರ ಪೇಟೆಯ ಹಿಂದಿನ ಕೇರಿಯಲ್ಲಿ ನಮ್ಮ ಮನೆ. ಜಗುಲಿಯ ಮೇಲೆ ನನ್ನ ಹೊಲಿಗೆ ಮಷಿನ್ನು, ಹಿತ್ತಲಲ್ಲಿ ಅತ್ತೆಯ ಕೋಳಿಗಳು. ಎರಡರ ಸದ್ದೂ ಬೆಳಗಿನಿಂದ ಸಂಜೆಯ ತನಕ ಪೈಪೋಟಿಯಲ್ಲಿ ಸಾಗುತ್ತಿತ್ತು. ಆ ವರ್ಷ ನವರಾತ್ರಿ ಶುರುವಾಗುವ ಹೊತ್ತಿಗೆ ಕೊಕ್ಕರೆ ರೋಗ ಬಂದು ಕೇರಿಯ ಕೋಳಿಗಳನ್ನೆಲ್ಲ ಗುಡಿಸಿ ಹಾಕಿತು. ನಿಂತ ಕೋಳಿ ಕುತ್ತಿಗೆ ತಿರುಚಿಕೊಂಡು ಸುತ್ತುತ್ತ ಬಿದ್ದುಬಿಡುತ್ತಿತ್ತು. ಕಾವು ಕೂರಿಸೋಣವೆಂದರೆ ಯಾರ ಮನೆಯಲ್ಲೂ ಒಂದು ಹೇಂಟೆ ಉಳಿದಿರಲಿಲ್ಲ.

ಅತ್ತೆಗೆ ಅವು ಬರೀ ಕೋಳಿಗಳಾಗಿರಲಿಲ್ಲ. ಅವರ ತವರೂರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿಹೋಗಿದೆ. ನೀರು ಏರುವ ಮೊದಲು ಊರಿನವರೆಲ್ಲ ದಿಕ್ಕಿಗೊಬ್ಬರಂತೆ ಹೋಗುವಾಗ ಅವರ ಅವ್ವ ಒಂದು ಬುಟ್ಟಿಯಲ್ಲಿ ಹುಂಜ ಹೇಂಟೆ ಹಾಕಿ, ಆಗಷ್ಟೇ ಮದುವೆಯಾಗಿದ್ದ ಮಗಳ ಕೈಗೆ ಕೊಟ್ಟರಂತೆ. ಬೂದಿ ಬಣ್ಣ, ತಲೆಯ ಮೇಲೆ ಜುಟ್ಟು. ಅವ್ವ ಹೋದರು, ಅಣ್ಣಂದಿರು ಹೋದರು, ಊರಂತೂ ಮೊದಲೇ ಹೋಗಿತ್ತು. ಆ ಜುಟ್ಟು ಮಾತ್ರ ನಮ್ಮ ಹಿತ್ತಲಲ್ಲಿ ಕೆದರುತ್ತ ಓಡಾಡಿಕೊಂಡಿತ್ತು. ಇನ್ನು ಅದೂ ಇಲ್ಲ ಎನ್ನುವಂತಾಗಿತ್ತು, ಗಡಿಗೆಯಲ್ಲಿದ್ದ ಆ ಹನ್ನೊಂದನ್ನು ಬಿಟ್ಟರೆ.

"ಆಮ್ಲೆಟ್ ಮಾಡಿ ಮಕ್ಕಳಿಗೆ ಕೊಡು," ಎಂದರು ಅತ್ತೆ, ನಾನು ಮೊಟ್ಟೆ ತೋರಿಸಿದಾಗ. ಮುಖ ಆಚೆ ತಿರುಗಿಸಿಕೊಂಡು ಹೇಳಿದ್ದು. ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಹೀಗೆ ಮುಖ ತಿರುಗಿಸಿ ಮಾತಾಡಿದರೆ. ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸೀದಾ ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರು ಮೊಟ್ಟೆಗಳನ್ನು ಒಂದೊಂದಾಗಿ ನೋಡಿದರು. ರೋಗ ಬರುವ ಮೊದಲು ಹಾಕಿದ್ದಾದರೆ ಅಡ್ಡಿಯಿಲ್ಲ, ಆದರೆ ತಡ ಮಾಡಬೇಡಿ ಎಂದರು. ಪೆಟ್ಟಿಗೆಯೊಳಗೆ ಬಲ್ಬು, ಒಂದು ಬಟ್ಟಲು ನೀರು, ಗಾಳಿಗೆ ತೂತು, ದಿನಕ್ಕೆ ಮೂರು ಸಲ ತಿರುಗಿಸುವುದು, ಇಪ್ಪತ್ತೊಂದು ದಿನ. ಹೇಳುವಾಗ ಎಲ್ಲ ಸಸಾರವಾಗಿಯೇ ಕೇಳಿಸಿತು.

"ಶಾಖದ್ದೊಂದು ನೋಡ್ಕೊಳ್ಳಿ," ಎಂದರು ಕೊನೆಗೆ. "ಮೊಟ್ಟೆ ಬೆನ್ನ ಮೇಲೆ ನೂರ ಒಂದು ಡಿಗ್ರಿ. ಎರಡು ಇಳಿದ್ರೆ ಮರಿ ತಡ ಆಗ್ತದೆ. ಎರಡು ಏರಿದ್ರೆ ಮರಿ ಇರೂದಿಲ್ಲ."

ಮನೆಗೆ ಬಂದು ಪಂಚಾಂಗ ನೋಡಿದೆ. ಎರಡು ದಿನಕ್ಕೆ ವಿಜಯದಶಮಿ. ಆಯುಧಪೂಜೆಗೆ ಮಷಿನ್ನಿಗೆ ಕುಂಕುಮ ಹಚ್ಚಿ ಸುಮ್ಮನೆ ಕೂರಿಸುತ್ತೇವೆ, ನನಗೂ ಕೈ ಬಿಡುವು. ಅದಕ್ಕಿಂತ ಒಳ್ಳೆಯ ದಿನ ಬೇಕೇ ಎಂದುಕೊಂಡು, ವಿಜಯದಶಮಿಯ ಬೆಳಿಗ್ಗೆ ಮೊಟ್ಟೆ ಇಟ್ಟೆ. ಒಳ್ಳೆಯ ದಿನ ನೋಡುವುದು ನಮಗೆಲ್ಲ ಗೊತ್ತು. ಆ ದಿನದಿಂದ ಮುಂದಕ್ಕೆ ಎಣಿಸಿದರೆ ಯಾವ ದಿನ ಬರುತ್ತದೆ ಎಂದು ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಪೆಟ್ಟಿಗೆ ಮಾಡುವುದು ನನಗೆ ರವಿಕೆ ಹೊಲಿದಷ್ಟೇ ಸಲೀಸಾಯಿತು. ಚಹಾಪುಡಿ ಬರುವ ಮರದ ಪೆಟ್ಟಿಗೆಗೆ ಒಳಗಿನಿಂದ ಹತ್ತಿ ತುಂಬಿದ ಮೆತ್ತೆ ಹೊಲಿದು ಹೊದಿಸಿದೆ. ಮೊಟ್ಟೆಯ ಒಂದು ಮಗ್ಗುಲಿಗೆ ಬಟ್ಟೆ ಗುರುತು ಮಾಡುವ ಚಾಕಿನಿಂದ ಕತ್ತರಿ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ. ಮುಚ್ಚಳದ ಬದಲು ತುಂಡುಬಟ್ಟೆಗಳ ಪದರ: ಬಿಸಿ ಜಾಸ್ತಿಯಾದರೆ ಒಂದು ಪಾಪ್ಲಿನ್ ತೆಗೆಯುವುದು, ಕಡಿಮೆಯಾದರೆ ಒಂದು ಫ್ಲಾನೆಲ್ ಸೇರಿಸುವುದು. ಮಕ್ಕಳ ಜ್ವರ ನೋಡುವ ಥರ್ಮಾಮೀಟರನ್ನು ಮೊಟ್ಟೆಗಳ ನಡುವೆ ಮಲಗಿಸಿದೆ. ಸಂಜೆ ನೋಡಿದರೆ ಸರಿಯಾಗಿ ನೂರ ಒಂದು. ಮರುದಿನ ಬೆಳಿಗ್ಗೆಯೂ ನೂರ ಒಂದು. ನನ್ನ ಕೈಗುಣಕ್ಕೆ ನಾನೇ ಬೆರಗಾದೆ.

ಅದರ ಮಾರನೆಯ ಮಧ್ಯಾಹ್ನ ಚಿಕ್ಕ ಮಗಳಿಗೆ ಮೈ ಬಿಸಿ. ಪೆಟ್ಟಿಗೆಯಿಂದ ಥರ್ಮಾಮೀಟರ್ ತೆಗೆದು, ಬಾಯಿಗಿಡುವ ಮೊದಲು ತೊಳೆದು, ಅಭ್ಯಾಸದಂತೆ ಜಾಡಿಸತೊಡಗಿದೆ. ಜಾಡಿಸುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಜಾಡಿಸದೆ ಇಳಿಯದ ಪಾದರಸ ಅದು! ಒಮ್ಮೆ ಏರಿದಲ್ಲೇ ನಿಂತು, ಪೆಟ್ಟಿಗೆ ತಣ್ಣಗಾದರೂ ಬಿಸಿಯಾಗಿದೆ ಎಂದು ಎರಡು ದಿನ ನನಗೆ ಸುಳ್ಳು ಹೇಳುತ್ತಿತ್ತು. ಪೆಟ್ಟಿಗೆಗೆ ಕೈ ಹಾಕಿ ನೋಡಿದೆ. ಮೊಟ್ಟೆಗಳು ಬೆಚ್ಚಗಿರಲಿಲ್ಲ, ಸುಮ್ಮನೆ ಉಗುರುಬೆಚ್ಚಗಿದ್ದವು.

ಪೇಟೆಯ ಮೂಲೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದನ್ನು ನಡೆಸುವ ಭಾಯಿ ತಾವೇ ಫೋಟೋ ತೊಳೆಯುತ್ತಿದ್ದವರು. ಬಣ್ಣದ ಫೋಟೋ ಬಂದ ಮೇಲೆ ರೀಲುಗಳೆಲ್ಲ ಶಿರಸಿ, ಹುಬ್ಬಳ್ಳಿಗೆ ಹೋಗತೊಡಗಿ, ಅವರ ಕತ್ತಲೆ ಕೋಣೆಗೆ ಕೆಲಸವಿರಲಿಲ್ಲ. ಅಲ್ಲಿ ಔಷಧಿಯ ನೀರಿನ ಬಿಸಿ ನೋಡಲು ಥರ್ಮಾಮೀಟರ್ ಇರುತ್ತಿದ್ದುದು ನನಗೆ ನೆನಪಿತ್ತು.

"ಅರೆ ಅಕ್ಕಾ, ತಗೊಂಡ್ಹೋಗಿ," ಎಂದು ಅವರು ಗಾಜಿನ ಕಡ್ಡಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟರು. "ಇದು ಏರ್ತದೆ, ಇಳೀತದೆ. ಸುಳ್ಳು ಗೊತ್ತಿಲ್ಲ ಇದಕ್ಕೆ."

ಸುಳ್ಳು ಗೊತ್ತಿಲ್ಲದ ಆ ಕಡ್ಡಿ ಬಂದ ಮೇಲೆ ನನ್ನ ನೆಮ್ಮದಿ ಹೋಯಿತು. ಸಂಜೆ ಊರಿನವರೆಲ್ಲ ದೀಪ ಹಚ್ಚುವ ಹೊತ್ತಿಗೆ ವೋಲ್ಟೇಜ್ ಬಿದ್ದು ಬಲ್ಬಿನ ತಂತಿ ಕೆಂಡದಂತೆ ಮಂಕಾಗುತ್ತಿತ್ತು. ತೊಂಬತ್ತಾರು, ತೊಂಬತ್ತೈದು. ಫ್ಲಾನೆಲ್ ಮೇಲೆ ಫ್ಲಾನೆಲ್ ಹೊದಿಸುತ್ತಿದ್ದೆ. ಅಷ್ಟರಲ್ಲಿ ಎಲ್ಲಿಂದಲೋ ಕರೆಂಟು ಜೋರಾಗಿ ಬಂದು ಬಲ್ಬು ಬೆಳ್ಳಗೆ ಉರಿದು ನೂರ ಮೂರು ಮುಟ್ಟುತ್ತಿತ್ತು. ಓಡಿ ಬಂದು ಎಲ್ಲ ಕಿತ್ತು ಹಾಕುತ್ತಿದ್ದೆ. ಜಗುಲಿಯಲ್ಲಿ ಹಬ್ಬದ ರವಿಕೆಗಳು ರಾಶಿ ಬಿದ್ದಿದ್ದವು. ಎರಡು ಹೊಲಿಗೆ ಹಾಕುವುದು, ಏಳುವುದು, ಕಡ್ಡಿ ನೋಡುವುದು. ಒಬ್ಬರ ತೋಳನ್ನು ಇನ್ನೊಬ್ಬರ ರವಿಕೆಗೆ ಕೂರಿಸಿ ಬೈಸಿಕೊಂಡೆ. ಕಣ್ಣು ಮುಚ್ಚಿದರೆ ಪಾದರಸದ ಬೆಳ್ಳಿಗೆರೆ ಏರುತ್ತ ಇಳಿಯುತ್ತ ಉಸಿರಾಡಿದಂತೆ ಕಾಣುತ್ತಿತ್ತು. ಮಷಿನ್ನಿನ ಮುಂದೆ ಕೂತಲ್ಲೇ ತೂಕಡಿಸಿ, ನಾನೇ ಒಂದು ಬೆಚ್ಚನೆಯ ಮಬ್ಬಿನೊಳಗೆ ಮಂಡಿ ಮಡಚಿಕೊಂಡು ಮಲಗಿದ್ದೇನೆ, ಹೊರಗೆ ಯಾರೋ ನನ್ನನ್ನು ಮೆಲ್ಲಗೆ ತಿರುಗಿಸುತ್ತಿದ್ದಾರೆ ಎಂದು ಅನಿಸಿ ಎಚ್ಚರಾಗುತ್ತಿತ್ತು.

ಅತ್ತೆ ಪೆಟ್ಟಿಗೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. "ಲೈಟಿನ ಬಲ್ಬಿಗೆ ಕೋಳಿ ಹುಟ್ತದಾ? ನಿಂಗೆ ಮರ್ಳು ಮಾರಾಯ್ತಿ," ಎನ್ನುತ್ತಿದ್ದರು. ಆದರೆ ನಾನು ಒಂದು ದಿನ ಬೇಗ ಎದ್ದು ಬಂದಾಗ, ಪೆಟ್ಟಿಗೆಯ ಮೆತ್ತೆಗೆ ಕಿವಿ ಹಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡವರೇ ಪಕ್ಕದಲ್ಲಿದ್ದ ಪೊರಕೆ ಹಿಡಿದು ಗುಡಿಸತೊಡಗಿದರು. ಅವರಿಗೆ ಆಸೆ ಇತ್ತು, ಆಸೆ ಪಡಲು ಹೆದರಿಕೆಯೂ ಇತ್ತು. ಅದು ತಿಳಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ವಾರ ಕಳೆದ ಮೇಲೆ ಜೀವ ಹಿಡಿದಿದೆಯೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ಕತ್ತಲೆ ಬೇಕು, ಹಿಂದಿನಿಂದ ಬೆಳಕು ಬೇಕು. ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ, ಸೆರಗಿನ ಒಳಗೆ ಹೊಟ್ಟೆಗೆ ಒತ್ತಿಕೊಂಡು ಅತ್ತೆಯನ್ನು ಎಬ್ಬಿಸಿಕೊಂಡು ಸ್ಟುಡಿಯೋಕ್ಕೆ ಹೋದೆ. ಭಾಯಿ ಕತ್ತಲೆ ಕೋಣೆಯ ಕರಿ ಪರದೆ ಎಳೆದು, ಟಾರ್ಚಿನ ಬಾಯಿಗೆ ತೂತು ಮಾಡಿದ ರಟ್ಟು ಹಿಡಿದರು. ಮೊದಲ ಮೊಟ್ಟೆಯನ್ನು ಅದರ ಮೇಲೆ ಇಟ್ಟೆವು.

ಮೊಟ್ಟೆ ಒಳಗಿನಿಂದ ಕೆಂಪಗೆ ಬೆಳಗಿತು. ಕೆಂಪಿನ ನಡುವೆ ಸಣ್ಣ ಕಪ್ಪು ಚುಕ್ಕೆ, ಅದರಿಂದ ನಾಲ್ಕೂ ಕಡೆಗೆ ದಾರದಂಥ ರಕ್ತನಾಳಗಳು. ಚುಕ್ಕೆ ಮೆಲ್ಲಗೆ ಅಲುಗಿತು. ಮೂವರೂ ಉಸಿರು ಹಿಡಿದು ನಿಂತಿದ್ದೆವು. ಆ ಕೋಣೆಯಲ್ಲಿ ಹಳೆಯ ಔಷಧಿಯ ಹುಳಿ ವಾಸನೆ ಇನ್ನೂ ಇತ್ತು. ಎಷ್ಟು ಮದುವೆಗಳ, ಎಷ್ಟು ಮಕ್ಕಳ ಮುಖ ನೀರಿನೊಳಗಿಂದ ಮೂಡಿದ ಜಾಗ ಅದು.

"ಯಾ ಅಲ್ಲಾ, ಹೆಂಗೆ ಬರ್ತಾ ಅದೆ ನೋಡಿ ಅಮ್ಮಾ," ಎಂದರು ಭಾಯಿ ಪಿಸುಮಾತಿನಲ್ಲಿ. ಅತ್ತೆ ಕತ್ತಲಲ್ಲಿ ನನ್ನ ಮುಂಗೈ ಹಿಡಿದುಕೊಂಡರು, ನೋವಾಗುವಷ್ಟು ಗಟ್ಟಿಯಾಗಿ. ಎರಡು ಮೊಟ್ಟೆ ಬರಿದಾಗಿದ್ದವು. ಒಂಬತ್ತರಲ್ಲಿ ಜೀವವಿತ್ತು.

ಅಲ್ಲಿಂದ ಮುಂದೆ ಅದು ಅತ್ತೆಯ ಕೆಲಸವೂ ಆಯಿತು. ತಿರುಗಿಸುವುದು ಅವರು, ಕಡ್ಡಿ ನೋಡುವುದು ನಾನು. ಆದರೆ ಒಂದು ಸಂಜೆ ಗುಡುಗು ಮಳೆಗೆ ಕರೆಂಟು ಹೋದದ್ದು ಮರುದಿನ ಮಧ್ಯಾಹ್ನವಾದರೂ ಬರಲಿಲ್ಲ. ಬಿಸಿನೀರಿನ ಬಾಟಲಿಗಳನ್ನು ಮೊಟ್ಟೆಯ ಸುತ್ತ ಇಟ್ಟು, ಆರಿದ ಹಾಗೆ ಬದಲಿಸಿ ಸುಸ್ತಾದೆವು. ಇನ್ನೊಂದು ಬಾಟಲಿಗೆ ನೀರು ತರಲೆಂದು ಬಚ್ಚಲಿಗೆ ಹೋದವಳು ಹಂಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದೆ. ಬೆಳಿಗ್ಗೆ ಸ್ನಾನವಾದ ಮೇಲೆ ಒಲೆಗೆ ಯಾರೂ ಕಟ್ಟಿಗೆ ಹಾಕಿರಲಿಲ್ಲ. ಬೂದಿಯೊಳಗಿನ ಕೆಂಡಕ್ಕೇ ತಾಮ್ರದ ಮೈ ಹದವಾಗಿ ಬೆಚ್ಚಗಿತ್ತು. ಇಷ್ಟು ದಿನ ನಾನು ಎಲ್ಲಿಂದಲೋ ತಂತಿಯಲ್ಲಿ ಬರುವ ಬಿಸಿಯ ಹಿಂದೆ ಓಡುತ್ತಿದ್ದೆ. ಆರದ ಬಿಸಿ ಬಚ್ಚಲಲ್ಲೇ ಕೂತಿತ್ತು.

ಬಲ್ಬನ್ನು ಕಿತ್ತು ಹಾಕಿ, ಪೆಟ್ಟಿಗೆಯ ಒಂದು ಹಲಗೆ ತೆಗೆದು ಆ ಬದಿಯನ್ನು ಹಂಡೆಯ ಹೊಟ್ಟೆಗೆ ಎದುರಾಗಿ ಇಟ್ಟೆ. ಒಲೆಯ ಹೊಗೆ ತಾಗದಂತೆ ನಡುವೆ ಗೋಣಿ ಇಳಿಬಿಟ್ಟೆ. ಮೊದಲ ದಿನವೆಲ್ಲ ಹದ ಹುಡುಕುವುದೇ ಆಯಿತು. ಪೆಟ್ಟಿಗೆಯನ್ನು ಒಂದು ಬೆರಳಷ್ಟು ಹತ್ತಿರ ತಂದರೆ ಅರ್ಧ ಡಿಗ್ರಿ ಏರುತ್ತಿತ್ತು. ಸಂಜೆಗೆ ತೆಂಗಿನ ಸಿಪ್ಪೆ ಇಟ್ಟು ಮೇಲೆ ಬೂದಿ ಮುಚ್ಚಿದರೆ ಬೆಳಗಿನವರೆಗೆ ಕಡ್ಡಿ ಕದಲುತ್ತಿರಲಿಲ್ಲ. ಬಚ್ಚಲ ಹಬೆಯಿಂದ ಒಳಗಿನ ತೇವವೂ ಸರಿಹೋಯಿತು. ಕಡ್ಡಿಯಲ್ಲಿ ನೂರ ಒಂದು. ಈ ಸಲ ನಿಜವಾದ ನೂರ ಒಂದು. ನಾನು ಮಷಿನ್ನಿಗೆ ಮರಳಿದೆ. ಮೊಟ್ಟೆಗಳು ದಿನದಿನಕ್ಕೂ ಒಳಗೆ ಕಪ್ಪಾಗುತ್ತ, ಬೆಳಕು ಹಾಯದಷ್ಟು ತುಂಬಿಕೊಳ್ಳುತ್ತ ಬಂದವು. ಆ ದಿನಗಳನ್ನು ನೆನೆದರೆ ಈಗಲೂ ಹೊಗೆಯ ವಾಸನೆ, ಅರ್ಧ ನಿದ್ದೆ ಮತ್ತು ಒಂದು ಸುಖ ಒಟ್ಟಿಗೆ ಬರುತ್ತವೆ.

ಹಾಗಿರುವಾಗ ಒಂದು ಬೆಳಿಗ್ಗೆ, ಲಾರಿ ಓಡಿಸುವ ನಮ್ಮ ಯಜಮಾನರು ಹಬ್ಬಕ್ಕೆಂದು ಮನೆಗೆ ಬಂದರು. ಅರಬೈಲ್ ಘಟ್ಟದಲ್ಲಿ ಕಿತ್ತುಕೊಂಡು ಬಂದ ಹಿಂಡ್ಲಕಾಯಿ ಬಳ್ಳಿ ಹೆಗಲ ಮೇಲಿತ್ತು. "ಹಂಡೆಗೆ ಸುತ್ತೂಕೆ," ಎಂದು ಜಗುಲಿಯ ಮೇಲೆ ಹಾಕಿದರು.

ನನ್ನ ಕೈಯ ಸೂಜಿ ಜಾರಿತು. ಅವತ್ತು ಸಂಜೆ ನೀರು ತುಂಬುವ ಹಬ್ಬ. ಹಂಡೆಯಲ್ಲಿ ಒಂದು ತೊಟ್ಟು ಹಳೇ ನೀರು ಇರಬಾರದು. ಒಲೆ ಆರಿಸಿ, ಬೂದಿ ತೋಡಿ, ಹುಣಸೆಹಣ್ಣಿನಲ್ಲಿ ಹಂಡೆ ತಿಕ್ಕಿ, ಬಾವಿಯ ಹೊಸ ನೀರು ತುಂಬಿ, ಬಳ್ಳಿ ಸುತ್ತಿ ಪೂಜೆ ಮಾಡಬೇಕು. ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆಸ್ನಾನ, ಅದಕ್ಕೆ ಒಲೆ ಧಗಧಗ ಉರಿಯಬೇಕು. ಹದಿನೆಂಟು ದಿನ ಸಾಕಿದ ಮೊಟ್ಟೆಗೆ ಮೊದಲು ಚಳಿ, ಆಮೇಲೆ ಬೆಂಕಿ! ವಿಜಯದಶಮಿಗೆ ಇಟ್ಟರೆ ಮರಿಯ ಸಮಯಕ್ಕೆ ಸರಿಯಾಗಿ ದೀಪಾವಳಿ ಬರುತ್ತದೆ ಎಂದು ಮಗುವೂ ಎಣಿಸಿ ಹೇಳುತ್ತಿತ್ತು. ಕರೆಂಟು ಅವತ್ತೂ ಕಣ್ಣುಮುಚ್ಚಾಲೆ ಆಡುತ್ತಿತ್ತು, ಬಲ್ಬನ್ನು ನಂಬುವ ಹಾಗಿರಲಿಲ್ಲ.

"ಅತ್ತೇ, ಈ ಒಂದು ಸಲ ಹಂಡೆ ಖಾಲಿ ಮಾಡೂದು ಬೇಡ," ಎಂದೆ.

"ಹಳೇ ನೀರು ಇಟ್ಕಂಡು ಹಬ್ಬ ಮಾಡೂದಾ? ನೀ ಎಂತ ಹೇಳ್ತಿದ್ದಿ?"

"ಮೊಟ್ಟೆ ಹೋಗ್ತದೆ."

ಅತ್ತೆ ಬಳ್ಳಿಯ ಸಿಕ್ಕು ಬಿಡಿಸತೊಡಗಿದರು. "ಹೋದ್ರೆ ಹೋಗ್ಲಿ ಹಂಗಾರೆ," ಎಂದರು. ಹೇಳಿ, ಮುಖ ಆಚೆ ತಿರುಗಿಸಲು ಹೋದವರು ತಿರುಗಿಸಲಾರದೆ ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು.

ನಾನು ಪೆಟ್ಟಿಗೆಯ ಮುಂದೆ ಕೂತು ಯೋಚಿಸಿದೆ. ಡಾಕ್ಟರು ಹೇಳಿದ್ದು ಕಿವಿಯಲ್ಲಿತ್ತು: ಚಳಿ ತಡ ಮಾಡಿಸುತ್ತದೆ, ಬಿಸಿ ಕೊಲ್ಲುತ್ತದೆ. ಒಂದು ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ಹೊರಗೆ ಹಿಡಿದೆ. ಎಷ್ಟು ಹೊತ್ತಾದರೂ ಅದು ಪೂರ್ತಿ ತಣ್ಣಗಾಗಲಿಲ್ಲ. ತುಂಬಿ ಬೆಳೆದ ಮರಿಗೆ ಅದರದ್ದೇ ಬಿಸಿ ಇತ್ತು. ಕೊನೆಯ ಮೂರು ದಿನ ತಿರುಗಿಸುವ ಅಗತ್ಯವೂ ಇರಲಿಲ್ಲ. ಹಂಡೆ ತಣಿದು, ತುಂಬಿ, ಉರಿದು, ಮತ್ತೆ ಹದಕ್ಕೆ ಬರುವ ತನಕ ಅವನ್ನು ಬೆಚ್ಚಗಿಡಲು ಒಂದು ಮೈ ಸಾಕು. ಸ್ಟುಡಿಯೋಕ್ಕೆ ಒಯ್ದಾಗ ನನ್ನ ಹೊಟ್ಟೆಯ ಮೇಲೆ ಅವು ಸುಖವಾಗಿಯೇ ಇದ್ದವಲ್ಲ.

ಗಿರಾಕಿಗಳ ರವಿಕೆಗಳನ್ನು ಬದಿಗೆ ಸರಿಸಿದೆ. ಅತ್ತೆಯನ್ನು ನಿಲ್ಲಿಸಿ ಟೇಪು ಹಿಡಿದೆ.

"ಎಂತದೇ ಇದು?"

"ಕೈ ಎತ್ತಿ. ನಿಮ್ಗೆ ಹಬ್ಬಕ್ಕೆ ಒಂದು ಅಂಗಿ."

ಸಂಜೆಯೊಳಗೆ ಹೊಲಿದು ಮುಗಿಸಿದೆ. ಒಳಗೆ ಮೆತ್ತನೆ ಫ್ಲಾನೆಲ್, ಹೊರಗೆ ಹತ್ತಿ ತುಂಬಿದ ಪದರ, ಹೊಟ್ಟೆಯ ಸುತ್ತ ಒಂಬತ್ತು ಜೇಬು. ಪ್ರತಿ ಜೇಬಿನಲ್ಲೂ ಒಂದೊಂದು ಮೊಟ್ಟೆ, ದಪ್ಪ ತುದಿ ಮೇಲಾಗಿ, ಉಸಿರಿಗೆ ಬಾಯಿ ತೆರೆದು. ಅಂಗಿಯನ್ನು ತೊಡಿಸಿ ಲಾಡಿ ಕಟ್ಟಿದಾಗ ಅತ್ತೆ ತಮ್ಮ ಹೊಟ್ಟೆಯನ್ನೇ ನೋಡಿಕೊಂಡು, ಉಸಿರನ್ನು ಎಣಿಸಿ ಎಣಿಸಿ ಬಿಡುತ್ತ ನಿಂತರು.

"ಬಗ್ಗೂ ಹಂಗಿಲ್ಲ, ಮಲಗೂ ಹಂಗಿಲ್ಲ," ಎಂದೆ. "ಸ್ನಾನ ಇಲ್ಲ. ಕೂತೇ ಇರ್ಬೇಕು."

"ನರಕ ಚತುರ್ದಶಿಗೆ ಸ್ನಾನ ಇಲ್ದೆ?" ಎಂದರು. ಆಮೇಲೆ ತಾವೇ, "ಕಾವು ಕೂತ ಹೇಂಟೆ ಸ್ನಾನ ಮಾಡ್ತದನೆ?" ಎಂದು ಕೇಳಿ ಪುಸಕ್ಕನೆ ನಕ್ಕರು. ಜೇಬುಗಳೆಲ್ಲ ಕುಲುಕಿದವು. ಹೆದರಿ ನಗು ನಿಲ್ಲಿಸಿದರು.

ಹಂಡೆಯನ್ನು ನಾನು ತಿಕ್ಕಿದೆ. ಯಜಮಾನರು ನೀರು ಸೇದಿದರು. ಅತ್ತೆ ಒಳಗಿನ ಕೋಣೆಯಲ್ಲಿ ಭತ್ತದ ಚೀಲಕ್ಕೆ ಒರಗಿ, ಕಂಬಳಿ ಹೊದ್ದು ಕೂತು, ಅಲ್ಲಿಂದಲೇ ಹೀಗೆ ಮಾಡು ಹಾಗೆ ಮಾಡು ಎಂದು ಕೂಗುತ್ತಿದ್ದರು. ನಸುಕಿನಲ್ಲಿ ಒಲೆ ಉರಿಯಿತು. ಮನೆಯವರ ತಲೆಗೆಲ್ಲ ಎಣ್ಣೆ ಇಡುವುದು ಪ್ರತಿ ವರ್ಷ ಅತ್ತೆಯೇ. ನಾನು ಮದುವೆಯಾಗಿ ಬಂದಂದಿನಿಂದ ಆ ಬಟ್ಟಲನ್ನು ಬೇರೆ ಯಾರೂ ಮುಟ್ಟಿದ್ದಿಲ್ಲ. ಅವರು ಅದನ್ನು ನನ್ನ ಕೈಗೆ ಕೊಟ್ಟರು.

"ನಿನ್ನ ಕೈಯಿಂದ ಆಗ್ಲಿ. ಮೊದ್ಲು ದೇವ್ರಿಗೆ ಒಂದು ತೊಟ್ಟು, ಆಮೇಲೆ ಗರಿಕೆಯಲ್ಲಿ ನೆತ್ತಿಗೆ. ಜಾಸ್ತಿ ಹಾಕ್ಬೇಡ."

ಗಂಡನಿಗೆ, ಮಕ್ಕಳಿಗೆ ಎಣ್ಣೆ ಹಚ್ಚಿ, ಹಬೆಯೊಳಗೆ ಒಬ್ಬೊಬ್ಬರಿಗೂ ನೀರು ಹೊಯ್ದು ಬಂದಾಗ ಬೆಳ್ಳಗೆ ಬೆಳಕು ಹರಿಯುತ್ತಿತ್ತು. ಹಂಡೆಗೆ ಕೈ ಹಚ್ಚಲಾಗದಷ್ಟು ಬಿಸಿ. ಪೆಟ್ಟಿಗೆಯೊಳಗಿನ ಕಡ್ಡಿ ನೂರ ಹನ್ನೆರಡು ತೋರಿಸುತ್ತಿತ್ತು.

ಒಳಗೆ ಹೋದೆ. ಅತ್ತೆ ಕಣ್ಣು ಮುಚ್ಚಿದ್ದರು. ನಿದ್ದೆಯೆಂದುಕೊಂಡೆ. ಬೆರಳೆತ್ತಿ ಸುಮ್ಮನಿರು ಎಂದರು. ಹತ್ತಿರ ಕೂತು ಅವರ ಹೊಟ್ಟೆಗೆ ಕಿವಿಯಿಟ್ಟೆ. ಬಹಳ ದೂರದಿಂದ, ಎಷ್ಟೋ ನೀರಿನ ಅಡಿಯಿಂದ ಬಂದಂತೆ, ಒಂದು ಚೀಂವ್.

"ಆಗಿಂದ ಮಾತಾಡ್ತಾ ಅದೆ," ಎಂದರು ಅತ್ತೆ ಕಣ್ಣು ತೆರೆಯದೆ. "ಎಡಗಡೇದು ಒಂದು, ಪಕ್ಕೆ ಹತ್ರದ್ದು ಇನ್ನೊಂದು. ನಾನೂ ಮಾತಾಡಿದೆ."

ಮಧ್ಯಾಹ್ನ ಹಂಡೆ ಹದಕ್ಕೆ ಬಂದ ಮೇಲೆ ಮೊಟ್ಟೆಗಳನ್ನು ಪೆಟ್ಟಿಗೆಗೆ ಇಳಿಸಿದೆವು. ಮರುದಿನ ಅಮಾವಾಸ್ಯೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದಾಗಿ ಏಳು ಮರಿಗಳು ಹೊರಬಿದ್ದವು. ಒದ್ದೆ ಚಿಂದಿಯಂತಿದ್ದವು ಒಣಗುತ್ತಿದ್ದ ಹಾಗೆ ಬೂದಿ ಬಣ್ಣದ ಉಂಡೆಗಳಾದವು. ನೆತ್ತಿಯ ಮೇಲೆ ಜುಟ್ಟು ಬರುವಲ್ಲಿ ಸಣ್ಣ ಉಬ್ಬು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಅವನ್ನು ಅತ್ತೆ ತಾವೇ ಹಿತ್ತಲಿಗೆ ಒಯ್ದರು.

ಮರಿಗಳ ಕಣ್ಣಿಗೆ ಲಸಿಕೆಯ ಹನಿ ಹಾಕಿಸಿ, ರೆಕ್ಕೆ ಬಲಿತು ಹುಂಜ ಯಾವುದು ಹೇಂಟೆ ಯಾವುದು ಎಂದು ತಿಳಿಯುವ ತನಕ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಆಮೇಲೆ ಒಂದು ದಿನ ಜಗುಲಿಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಮೂರೇ ಇದ್ದವು.

"ಪಾಲಿಗೆ ಕೊಟ್ಟೆ," ಎಂದರು ಅತ್ತೆ. ಸಾಕುವವರು ಸಾಕುತ್ತಾರೆ, ಹುಟ್ಟಿದ ಮರಿಯಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಒಂದು ಜೋಡಿ ಕೇರಿಯ ಕೊನೆಯ ಮನೆಗೆ, ಇನ್ನೊಂದು ಜೋಡಿ ಸ್ಟುಡಿಯೋ ಭಾಯಿಗೆ.

ನನಗೆ ಉರಿದುಹೋಯಿತು. ನಿದ್ದೆಗೆಟ್ಟವಳು ನಾನು, ಗಿರಾಕಿಗಳಿಂದ ಬೈಸಿಕೊಂಡವಳು ನಾನು. "ಇದ್ದದ್ದೇ ಏಳು! ಅದನ್ನೂ ಹಂಚೂದಾ?" ಎಂದು ಕೂಗಾಡಿದೆ.

ಅವರು ಅಕ್ಕಿ ನುಚ್ಚು ಚೆಲ್ಲುತ್ತ, "ಒಂದೇ ಹಿತ್ಲಲ್ಲಿ ಇಟ್ಕಂಡು ಒಂದ್ಸಲ ನೋಡಾತಲ್ಲೇ," ಎಂದರು ಅಷ್ಟೇ. ಅವರ ದನಿಯಲ್ಲಿ ಜಗಳವಿರಲಿಲ್ಲ. ನಾನೂ ಒಂದು ಹಿಡಿ ನುಚ್ಚು ತೆಗೆದು ಚೆಲ್ಲಿದೆ.

ಬೇಸಿಗೆ ಬರುವ ಹೊತ್ತಿಗೆ, ಇನ್ನೂ ಸರಿಯಾಗಿ ಬೆಳಗಾಗದ ಒಂದು ದಿನ, ಪೇಟೆಯ ಕಡೆಯಿಂದ ಒಂದು ಎಳೆ ಹುಂಜ ಕೂಗಿತು. ಅಭ್ಯಾಸವಿಲ್ಲದ ಗಂಟಲು, ಕೊನೆಗೆ ಬರುವಾಗ ಒಡೆದುಹೋಯಿತು. ಕೇರಿಯ ಕೊನೆಯಿಂದ ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ನಮ್ಮ ಹಿತ್ತಲಿನದ್ದು ಎಲ್ಲಕ್ಕಿಂತ ತಡವಾಗಿ, ಎಲ್ಲಕ್ಕಿಂತ ಜೋರಾಗಿ ಕೂಗಿತು. ನಾನು ಎದ್ದು ಬಂದಾಗ ಅತ್ತೆ ಕತ್ತಲಲ್ಲಿ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಮೂರು ದಿಕ್ಕಿನ ಕೂಗನ್ನೂ ಕೇಳಿಸಿಕೊಂಡು, ನನ್ನ ಕಡೆ ತಿರುಗಿದರು.

"ಕೇಳ್ತನೆ? ನಮ್ಮೂರಲ್ಲಿ ಬೆಳಗಾತು."